ವೈನಿ ಆರಿಸಿ ಕೊಟ್ಟ ಮರಿಗಳು

ಅವ್ವ ತೀರಿಕೊಂಡ ಮೇಲೆ ಸ್ವರೂಪಾ ಅಣ್ಣನನ್ನು ಕೇಳಿದ್ದು ಒಂದೇ: ಅವ್ವನ ಕೋಳಿಗಳ ಪೈಕಿ ಏಳು ಹೆಣ್ಣುಮರಿ. ಹೊಲ ಕೇಳಲಿಲ್ಲ, ಮನೆ ಕೇಳಲಿಲ್ಲ, ಅವ್ವನ ಕಿವಿಯಲ್ಲಿದ್ದ ಚೂರು ಬಂಗಾರ ಎಲ್ಲಿ ಹೋಯಿತೆಂದೂ ಕೇಳಲಿಲ್ಲ. ಮೊಗುಡಂಪಲ್ಲಿಯಲ್ಲಿ ಒಂದು ಖೋಲಿ ಹಿಡಿದಿದ್ದಳು. ಹಿಂದುಗಡೆ ಮುಳ್ಳುಬೇಲಿಯ ಹಿತ್ತಲಿತ್ತು. ಕೂಲಿಗೆ ಸುತ್ತಲೂ ಕಬ್ಬಿನ ಹೊಲ, ಶುಂಠಿಯ ಹೊಲ. ಕೂಲಿ ಸಿಗದ ದಿನ ಕೈಗೆ ಆಸರೆಯಾಗಿ ನಾಲ್ಕು ಮೊಟ್ಟೆ ಇದ್ದರೆ ಯಾರ ಮುಂದೆಯೂ ತಲೆ ಬಗ್ಗಿಸಬೇಕಾಗಿಲ್ಲ ಎಂದುಕೊಂಡಿದ್ದಳು.

ಅವಳ ಗಂಡ ಜೈಪಾಲ ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದ. ಅವನು ಇನ್ನೊಬ್ಬಳನ್ನು ತಂದು ಮನೆಯಲ್ಲಿ ಕೂಡಿಸಿಕೊಂಡ ವರ್ಷವೇ ಸ್ವರೂಪಾ ನ್ಯಾಲ್ಕಲ್ ಕಡೆಯ ತನ್ನ ತವರೂರಿಗೆ ಬಂದುಬಿಟ್ಟಿದ್ದಳು. ಬಂದ ಸ್ವಲ್ಪ ದಿನಕ್ಕೆ ಅವ್ವ ಸುಗಲಾಬಾಯಿಗೆ ಲಕ್ವ ಹೊಡೆಯಿತು. ಅವ್ವನನ್ನು ಎತ್ತಿದವಳು, ತೊಳೆದವಳು, ಉಣ್ಣಿಸಿದವಳು ಮಗಳೇ. ಅಣ್ಣ ಮೊಗಲಪ್ಪ ಸಂಜೆ ಬಂದು ಅವ್ವ ಮಲಗಿದ್ದ ಹೊರಸಿನ ಪಕ್ಕ ನಿಂತು, "ಅವ್ವಾ, ಹ್ಯಾಂಗದಿ?" ಎಂದು ಕೇಳಿ ಹೋಗುತ್ತಿದ್ದ. ತಂಗಿಯನ್ನು ಇಟ್ಟುಕೊಂಡಿದ್ದಾನೆ, ದೊಡ್ಡ ಮನಸ್ಸಿನವನು ಎಂದು ಊರು ಹೇಳುತ್ತಿತ್ತು. ಸ್ವರೂಪಾ ಕೂಡ ಹಾಗೆಯೇ ನಂಬಿದ್ದಳು.

ಮನೆಯಲ್ಲಿ ಅವಳಿಗೆ ಜೊತೆಯಾಗಿದ್ದವಳು ಅಣ್ಣನ ಹೆಂಡತಿ, ವೈನಿ ಭೂದೇವಿ. ಕಡಿಮೆ ಮಾತಿನ ಹೆಂಗಸು. ಎರಡು ಕೂಸು ಹೆತ್ತು ಎರಡನ್ನೂ ವಾರದೊಳಗೆ ಮಣ್ಣಿಗೆ ಕೊಟ್ಟವಳು. ಎರಡನೆಯದನ್ನು ಅವ್ವನ ಹಳೆಯ ಸೀರೆಯಲ್ಲಿ ಸುತ್ತಿ ಗಂಡಸರ ಕೈಗೆ ಕೊಟ್ಟವಳು ಸ್ವರೂಪಾ. ಅದರ ಸುದ್ದಿಯನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಸುಗಲಾಬಾಯಿಯ ಅರ್ಧ ಮೈ ಸತ್ತಿದ್ದರೂ ಕಣ್ಣು ಕೋಳಿಗಳ ಮೇಲೆಯೇ ಇತ್ತು. ಮರಿಗಳು ಎರಡು ತಿಂಗಳಿಗೆ ಬಂದವೆಂದರೆ ಹೊರಸಿನ ಹತ್ತಿರ ತರಿಸಿಕೊಳ್ಳುವಳು. ಮಗಳು ಒಂದು ಕಡೆ, ಸೊಸೆ ಒಂದು ಕಡೆ.

"ಮಾರಿ ನೋಡ್ರಿ ಮೊದಲ," ಎನ್ನುವಳು, ಸೊಟ್ಟ ಬಾಯಲ್ಲೇ. "ಹುಂಜಂದು ಜುಟ್ಟು ಕೆಂಪೇರತದ, ಗದ್ದದ ಕೆಳಗ ತೊಗಲು ಜೋತು ಬೀಳತದ. ಹೇಂಟಿದು ಸಣ್ಣದು, ಹಳದಿ ಹಳದಿ ಇರ್ತದ. ಕಾಲು ಹಿಡೀರಿ, ದಪ್ಪ ಹತ್ತಿದ್ರ ಹುಂಜ. ಅದೂ ತಿಳೀಲಿಲ್ಲಂದ್ರ ಚಪ್ಪಾಳಿ ಹೊಡೀರಿ. ಹೇಂಟಿ ಮುದುಡಿ ಕೂಡತದ. ಹುಂಜ ಕುತ್ತಗಿ ಎತ್ತಿ ನಿಮ್ಮನ್ನೇ ನೋಡತದ."

ಇಬ್ಬರೂ ಕಲಿತರು. ಒಮ್ಮೊಮ್ಮೆ ಪಂದ್ಯ ಕಟ್ಟುತ್ತಿದ್ದರು. ಭೂದೇವಿ ನಗುತ್ತಿದ್ದುದು ಅಂಥ ಹೊತ್ತಿನಲ್ಲೇ. ಮೊಗಲಪ್ಪ ಹೊಸ್ತಿಲ ಮೇಲೆ ರೊಟ್ಟಿ ತಿನ್ನುತ್ತ ಕೂತಿರುತ್ತಿದ್ದ. ಕೋಳಿಯೆಂದರೆ ಅವನಿಗೆ ತಟ್ಟೆಯಲ್ಲಿ ಬಿದ್ದ ತುಂಡಷ್ಟೇ ಗೊತ್ತು ಎಂದು ಹೆಂಗಸರು ನಗುತ್ತಿದ್ದರು.

ಅವ್ವನ ದಿನಕರ್ಮ ಮುಗಿದ ಮಾರನೆಯ ದಿನವೇ ಮೊಗಲಪ್ಪ ತಂಗಿಗೆ ತಾಂಡೂರಿನ ಮಾತು ತೆಗೆದ. "ಆಕಿ ಬಿಟ್ಟು ಹೋಗ್ಯಾಳಂತ. ಜೈಪಾಲ ಈಗ ಒಬ್ಬನೇ ಅದಾನ. ಕಳಸು ಅಂದಾನ."

"ರೊಟ್ಟಿ ಬಡಿಯಾಕ ಒಬ್ಬಾಕಿ ಬೇಕಾಗ್ಯಾಳ ಅವನಿಗಿ," ಎಂದಳು ಸ್ವರೂಪಾ. "ನಾ ಹೋಗಾಂಗಿಲ್ಲ, ಅಣ್ಣಾ. ನಿನಗೂ ಭಾರ ಆಗಾಂಗಿಲ್ಲ. ಮೊಗುಡಂಪಲ್ಲ್ಯಾಗ ಖೋಲಿ ನೋಡೀನಿ."

ಅವನು ಬೈಯಲಿಲ್ಲ. "ಆತು, ನಿನ್ನ ಖುಷಿ," ಎಂದ. ಮರಿ ಕೇಳಿದಾಗ ತಕ್ಷಣ ಒಪ್ಪಿದ.

ಹೊರಡುವ ದಿನ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬುಟ್ಟಿ ತಯಾರಾಗಿತ್ತು. ಗೂಡಿನಲ್ಲಿ ಕತ್ತಲಿರುವಾಗಲೇ ಹಿಡಿದರೆ ಮರಿ ಗದ್ದಲ ಮಾಡುವುದಿಲ್ಲ. ಹಾಗೆ ಹಿಡಿದು, ಬುಟ್ಟಿಯ ಬಾಯಿಗೆ ಹಳೆಯ ಬಟ್ಟೆ ಹೊದಿಸಿ ದಬ್ಬಣದಿಂದ ಹೊಲಿದಿದ್ದರು.

"ಏಳಕ್ಕ ಏಳೂ ಹೇಂಟಿನೇ," ಎಂದ ಮೊಗಲಪ್ಪ. "ನಿಮ್ಮ ವೈನಿ ಒಂದೊಂದೇ ನೋಡಿ ಆರಿಸ್ಯಾಳ. ಹುಷಾರ ಹೋಗು, ತಂಗಿ."

ಭೂದೇವಿ ಬುಟ್ಟಿ ಎತ್ತಿ ಕೊಟ್ಟಳು. ಮುಖ ಎತ್ತಲಿಲ್ಲ. ಅಗಲಿಕೆಯ ಸಂಕಟ ಇರಬೇಕು ಎಂದುಕೊಂಡು ಸ್ವರೂಪಾ ಅವಳ ತೋಳು ಹಿಡಿದು ಒತ್ತಿ ಬಂದಳು.

ಜೀಪಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಕುವಷ್ಟು ಜನ. ದಾರಿಯಲ್ಲಿ ಮರಿಗಳಿಗೆ ಗಾಳಿ ಸಾಲದೇನೋ ಎಂದು ಅವಳು ನಾಲ್ಕು ಹೊಲಿಗೆ ಬಿಚ್ಚಿ ಒಳಗೆ ನೋಡಿದಳು. ಬಿಸಿಲಿನ ಪಟ್ಟಿ ಬುಟ್ಟಿಯೊಳಗೆ ಬಿತ್ತು. ಒಂದು ಕತ್ತು ಮೇಲೆದ್ದಿತು, ಇನ್ನೊಂದು ಎದ್ದಿತು. ಜುಟ್ಟುಗಳು ಕೆಂಪಗಿದ್ದವು. ಕೈ ಹಾಕಿ ಕಾಲು ಮುಟ್ಟಿದಳು, ಒಂದಾದ ಮೇಲೊಂದು. ಎದುರಿಗಿದ್ದ ಮುದುಕ, "ಏನ್ ಹುಡುಕಲತ್ತಿ ಬೇ?" ಎಂದು ಕೇಳಿದ.

"ಏನಿಲ್ಲರಿ," ಎಂದು ಅವಳು ಬಟ್ಟೆ ಮುಚ್ಚಿದಳು.

ಆರು ಹುಂಜ. ಏಳನೆಯದರ ಮೇಲೆ ಮಾತ್ರ ಸ್ವಲ್ಪ ಅನುಮಾನವಿತ್ತು. ಬೂದು ಬಣ್ಣದ ಸಣಕಲು ಮರಿ, ಜುಟ್ಟು ಇನ್ನೂ ಹಳದಿ.

ತಪ್ಪಿ ಆಗಿರಬಹುದು ಎನ್ನಲು ಎಡೆಯೇ ಇರಲಿಲ್ಲ. ಒಂದೆರಡು ತಪ್ಪಬಹುದು. ಆರು ತಪ್ಪುವುದಿಲ್ಲ, ಅದೂ ಸುಗಲಾಬಾಯಿಯ ಹೊರಸಿನ ಪಕ್ಕ ಕಲಿತ ಕೈಗೆ. ಜೀಪು ಮೊಗುಡಂಪಲ್ಲಿ ಮುಟ್ಟುವಷ್ಟರಲ್ಲಿ ವೈನಿ ಮುಖ ಎತ್ತದಿದ್ದುದಕ್ಕೆ ಬೇರೆಯೇ ಅರ್ಥ ಅವಳಿಗೆ ಸಿಕ್ಕಿಬಿಟ್ಟಿತ್ತು. ಹೇಂಟೆಗಳನ್ನೆಲ್ಲ ತನಗಿಟ್ಟುಕೊಂಡಳು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತವಳು.

ಖೋಲಿಯ ಮಾಲಕಿ ಅಮೃತಬಾಯಿ ಪಕ್ಕದಲ್ಲೇ ಇದ್ದಳು. ವಯಸ್ಸಾದವಳು, ಬಾಯಿ ಜೋರು, ತನ್ನದೂ ಒಂದಿಷ್ಟು ಕೋಳಿ ಇಟ್ಟಿದ್ದಳು. ಮರಿಗಳನ್ನು ಹಿತ್ತಲಿಗೆ ಬಿಟ್ಟಾಗ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಹುಂಜದ ದಂಧಾ ಮಾಡ್ತೀಯೇನ್ ಬೇ?" ಎಂದಳು.

"ನಮ್ಮ ವೈನಿ ಆರಿಸಿ ಕೊಟ್ಟಾಳ, ಆಯಿ."

ಅಮೃತಬಾಯಿ ಅವಳ ಮುಖ ನೋಡಿದಳು. "ಆ ಬೂದಿದು ಹೇಂಟಿ ಇದ್ರೂ ಇದ್ದೀತು, ತಡಿ," ಎಂದಳು, ಸಮಾಧಾನಕ್ಕೆ.

ಆ ಬೂದು ಮರಿಗೆ ಸ್ವರೂಪಾ ಹಿಡಿ ನುಚ್ಚು ಹೆಚ್ಚಿಗೆ ಹಾಕತೊಡಗಿದಳು. ಉಳಿದವುಗಳ ಕತ್ತಿನಲ್ಲಿ ಚೂಪು ಚೂಪಾದ ಹೊಳೆಯುವ ಗರಿ ಮೂಡಿದವು, ಬಾಲದಲ್ಲಿ ಕುಡುಗೋಲಿನಂತೆ ಬಾಗಿದ ಪುಕ್ಕ ಬಂದವು. ಇದರದು ಇನ್ನೂ ದುಂಡನೆಯ ಗರಿ. ಕೂಲಿಯಿಂದ ಬಂದೊಡನೆ ಅದನ್ನೇ ಹುಡುಕಿ ಹಿಡಿದು ನೋಡುವಳು. ಒಂದಾದರೂ ಹೇಂಟೆಯಾದರೆ ವೈನಿಯ ಮನಸ್ಸಿನ ಮೂಲೆಯಲ್ಲಿ ಒಂದಿಷ್ಟು ಕರುಣೆ ಇತ್ತೆಂದಾದರೂ ಆಗುತ್ತದೆ. ಒಂದು ಮುಂಜಾನೆ ಅವಳು ಒಲೆ ಹೊತ್ತಿಸುತ್ತಿರುವಾಗ ಹಿತ್ತಲಲ್ಲಿ ಯಾರೋ ಒಡಕು ತಗಡು ಎಳೆದಂಥ ಸದ್ದು. ಹೋಗಿ ನೋಡಿದರೆ ಬೂದು ಮರಿ ಕಲ್ಲಿನ ಮೇಲೆ ನಿಂತು, ಕತ್ತು ಚಾಚಿ, ಕಣ್ಣು ಮುಚ್ಚಿ ಕೂಗಲು ಕಲಿಯುತ್ತಿತ್ತು. ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಒಲೆಯ ಮೇಲಿನ ಚಹಾ ಉಕ್ಕಿ ಹೋಯಿತು.

ಅಲ್ಲಿಂದ ಹಿತ್ತಲು ರಣವಾಯಿತು. ಏಳು ಹುಂಜ ಒಂದು ಬೇಲಿಯೊಳಗೆ ಹೇಗೆ ತಾಳುತ್ತವೆ? ಕತ್ತಿನ ಗರಿ ಕೊಡೆಯಂತೆ ಅರಳಿಸಿ ಎದೆಗೆದೆ ಒದೆಯುವವು. ಸಂಜೆ ಬಂದರೆ ಒಂದರ ಕಣ್ಣು ಮುಚ್ಚಿಕೊಂಡಿರುತ್ತಿತ್ತು, ಇನ್ನೊಂದರ ಜುಟ್ಟಿನಿಂದ ರಕ್ತ. ಅವಳು ಜೋರಿನವೆರಡನ್ನು ಬೇರೆ ಬೇರೆ ಬುಟ್ಟಿಯ ಕೆಳಗೆ ಮುಚ್ಚಿಟ್ಟು, ಮೇಲೆ ಕಲ್ಲು ಹೇರಿ ಕೂಲಿಗೆ ಹೋಗುವಳು. ಉಳಿದವು ಬೇಲಿ ಹಾರಿ ಅಮೃತಬಾಯಿಯ ಹೇಂಟೆಗಳ ಮೇಲೆ ಬೀಳುತ್ತಿದ್ದವು. ಒಂದು ಇಳಿಯುವುದರಲ್ಲಿ ಇನ್ನೊಂದು ಏರುತ್ತಿತ್ತು. ಹೇಂಟೆಗಳ ಬೆನ್ನಿನ ಪುಕ್ಕ ಉದುರಿ ಕೆಂಪು ಚರ್ಮ ಕಾಣಿಸಿತು. ಅವು ಹೆದರಿ ಮಾಳಿಗೆ ಏರಿ ಕೂತವು, ಮೊಟ್ಟೆ ಇಡುವುದನ್ನು ಬಿಟ್ಟವು.

"ಹತ್ತು ಹೇಂಟಿಗಿ ಒಂದು ಹುಂಜ ಸಾಕು," ಎಂದು ಅಮೃತಬಾಯಿ ಓಣಿಗೆಲ್ಲ ಕೇಳುವಂತೆ ಕೂಗಿದಳು. "ಇಲ್ಲಿ ಒಂದು ಹೇಂಟಿಗಿ ಒಂದು ಹುಂಜ ಆಗ್ಯಾವ. ಇವುಗಳನ್ನ ತಗಿ, ಇಲ್ಲಂದ್ರ ನೀನೇ ಖೋಲಿ ಖಾಲಿ ಮಾಡು."

ಸ್ವರೂಪಾ ಮೂರನ್ನು ಕಾಲು ಕಟ್ಟಿ ಜಹೀರಾಬಾದಿನ ಸಂತೆಗೆ ಒಯ್ದಳು, ಒಂದಾದರೂ ಹೇಂಟೆಗೆ ಬದಲಿ ಆದೀತೆಂದು. ಎರಡಕ್ಕೆ ಒಂದು ಕೊಡು ಎಂದಳು, ಮೂರಕ್ಕೆ ಒಂದು ಎಂದಳು. ಕೋಳಿ ಮಾರುವ ಹೆಂಗಸು ತೆಲುಗಿನಲ್ಲಿ ಏನೋ ಹೇಳಿ ನಕ್ಕಳು. ಆಮೇಲೆ ಇವಳಿಗೆ ತಿಳಿಯಲೆಂದು ಕನ್ನಡದಲ್ಲೇ, "ಹುಂಜ ಯಾರ ಮನ್ಯಾಗಿಲ್ಲ ಅಕ್ಕಾ? ಹೇಂಟಿ ಕೊಟ್ಟು ಹುಂಜ ಯಾರು ತಗೋತಾರ?" ಎಂದಳು. ಮೂರೂ ಮಾಂಸದ ಅಂಗಡಿಗೆ ಹೋದವು. ಆಷಾಢದಲ್ಲಿ ಪೋಚಮ್ಮ ದೇವಿಗೆ ಎಡೆ ಒಯ್ಯುವ ಬೋನದ ಹಬ್ಬಕ್ಕೆಂದು ಓಣಿಯವರು ಎರಡು ಒಯ್ದರು. ಒಂದನ್ನು ಅವಳೇ ಕುಯ್ದು ಬೇಯಿಸಿ ಅಮೃತಬಾಯಿಯ ಮನೆಗೂ ಕೊಟ್ಟಳು. ತಾನು ಮಾತ್ರ ತಿನ್ನಲಿಲ್ಲ. ಉಳಿದದ್ದು ಬೂದು ಹುಂಜ. ಅಮೃತಬಾಯಿಯ ಹುಂಜಕ್ಕೆ ವಯಸ್ಸಾಗಿತ್ತು, ಹಾಗಾಗಿ ಇದನ್ನು ಅವಳ ಗುಂಪಿಗೆ ಬಿಟ್ಟರು.

ಆ ದಿನಗಳಲ್ಲೇ ಭೂದೇವಿ ಬಂದಳು.

ಬೆಳಗಿನ ಹೊತ್ತು. ನಲ್ಲಿಯ ಹತ್ತಿರ ಓಣಿಯ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಜೀಪಿನಿಂದ ಇಳಿದು ಬಂದ ಭೂದೇವಿಯ ಕಂಕುಳಲ್ಲಿ ಒಂದು ಹೇಂಟೆಯಿತ್ತು. ಅವ್ವನ ಕೋಳಿ, ಕಾವಿಗೆ ಕೂಡುವ ಕೆಂಚಿ. ಸೆರಗಿನಲ್ಲಿ ಅದರ ಮೈ ಮುಚ್ಚಿಕೊಂಡಿದ್ದಳು. ಮುಖ ಬೆವೆತಿತ್ತು.

"ತಗೋ, ಸ್ವರೂಪಾ," ಎಂದಳು. "ಜಲ್ದಿ ತಗೋ. ನಾ ತಿರುಗಿ ಹೋಗ್ಬೇಕು."

ಸ್ವರೂಪಾ ಬಾಗಿಲಿಗೆ ಅಡ್ಡ ನಿಂತಳು. "ಏಳು ಹುಂಜ ಕೊಟ್ಟು ಮಜಾ ನೋಡಿದಿ. ಈಗ ಒಂದು ಹೇಂಟಿ ತಂದು ಪುಣ್ಯ ಕಟ್ಟಿಕೊಳ್ಳಾಕ ಬಂದೀಯೇನ್? ಓಣಿ ಮುಂದ ದಾನ ಮಾಡ್ತೀ?"

"ಹಂಗಲ್ಲ ಅದು. ಒಳಗ ಬಾ, ಹೇಳ್ತೀನಿ."

"ಏನ್ ಹೇಳ್ತಿ? ನಿನಗ ಹುಂಜ ಯಾವುದು ಹೇಂಟಿ ಯಾವುದು ಗೊತ್ತಾಗಿಲ್ಲೇನ್?"

ಭೂದೇವಿ ನಲ್ಲಿಯ ಕಡೆ ನೋಡಿದಳು. ಹೆಂಗಸರೆಲ್ಲ ಇತ್ತಲೇ ತಿರುಗಿದ್ದರು. "ಗೊತ್ತಿತ್ತು," ಎಂದಳು ಮೆಲ್ಲಗೆ. "ಸ್ವರೂಪಾ, ಈ ಕೋಳಿ ಒಂದು ಹಿಡ್ಕೋ ಮೊದಲ. ಚಲೋ ಕಾವು ಕೂಡತದ."

ಆ 'ಗೊತ್ತಿತ್ತು' ಎಂಬ ಮಾತು ಕಿವಿಗೆ ಬಿದ್ದದ್ದೇ ಸ್ವರೂಪಾ, "ಒಯ್ಯಿ ಅದನ್ನ!" ಎಂದು ಕಿರುಚಿದಳು. "ನಿನ್ನ ಕೈ ಹತ್ತಿದ್ದು ಯಾವುದು ಬದುಕ್ಯಾದ? ಹೆತ್ತವೇ ಬದುಕಲಿಲ್ಲ, ಕೋಳಿ ಬದುಕತದೇನ್?"

ನಲ್ಲಿಯ ನೀರು ಕೊಡ ತುಂಬಿ ಹೊರಗೆ ಹರಿಯುತ್ತಿತ್ತು. ಯಾರೂ ನಿಲ್ಲಿಸಲಿಲ್ಲ. ಭೂದೇವಿ ಹೇಂಟೆಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. "ಆತು," ಎಂದಳು. ಬಂದ ದಾರಿಯಲ್ಲೇ ಹೋದಳು.

ಅಮೃತಬಾಯಿ ಕೊಡ ಎತ್ತುತ್ತ, "ಅಂಥಾ ಮಾತು ಆಡಬಾರದಿತ್ತು, ಬೇ," ಎಂದಳು. ಸ್ವರೂಪಾ ಬಾಗಿಲು ಹಾಕಿಕೊಂಡಳು. ಆಡಿದ್ದು ಸರಿಯೇ ಎಂದು ತನಗೆ ತಾನೇ ಹೇಳಿಕೊಂಡಳು. ಕೂಲಿಯ ಹೊಲದಲ್ಲಿಯೂ ಅದನ್ನೇ ಹೇಳಿಕೊಂಡಳು.

ಮಳೆ ಮುಗಿದು ಚಳಿ ಬಂತು. ಬೂದು ಹುಂಜದ ಋಣಕ್ಕೆ ಅಮೃತಬಾಯಿ ಕಾವಿಗಿಟ್ಟ ಮೊಟ್ಟೆಗಳಲ್ಲಿ ಅರ್ಧ ಇವಳವು ಎಂದಳು. ಹಿತ್ತಲಲ್ಲಿ ಮತ್ತೆ ಮರಿಗಳು ಓಡಾಡಿದವು. ಜೋಳ ತೆನೆ ಹೊಡೆಯುವ ಹೊತ್ತಿಗೆ ಒಂದು ಭಾನುವಾರ ಮೊಗಲಪ್ಪ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಸ್ವರೂಪಾಳಿಗೆ ಕಣ್ಣು ತುಂಬಿ ಬಂತು. ಚಾಪೆ ಹಾಸಿದಳು, ಚಹಾ ಮಾಡಿದಳು.

ಅವನು ಖೋಲಿಯ ಗೋಡೆ, ತಗಡು, ಮೂಲೆಯ ಒಲೆ ಎಲ್ಲ ನೋಡಿದ. "ಹಿಂಗ ಎಷ್ಟ ದಿನಾ, ತಂಗಿ? ಜೈಪಾಲ ಮತ್ತ ಫೋನ್ ಮಾಡಿದ್ದ. ಪಾಪ, ಕೈ ಸುಟ್ಟುಕೊಂಡು ಅಡಗಿ ಮಾಡಲತ್ತಾನ."

"ಆ ಮಾತು ಬ್ಯಾಡ, ಅಣ್ಣಾ."

"ಬ್ಯಾಡಂದ್ರ ಹ್ಯಾಂಗ? ಅಣ್ಣ ಇದ್ದೂ ತಂಗಿ ಬಾಡಿಗಿ ಖೋಲ್ಯಾಗ ಅದಾಳ ಅಂತ ಮಂದಿ ನನ್ನ ಮಾರಿಗಿ ಉಗುಳಲತ್ತಾರ." ಅವನು ಚಹಾ ಊದಿದ. ಹಿತ್ತಲ ಕಡೆ ಕಣ್ಣು ಹಾಯಿಸಿ ನಕ್ಕ. "ಆ ಏಳು ಹುಂಜ ತಿಂದು ಮುಗಿಸಿದ್ರ ಬುದ್ಧಿ ಬರ್ತದ ಅಂದ್ಕೊಂಡಿದ್ದೆ. ನೀ ಮತ್ತ ಮರಿ ಮಾಡೀಯಲ್ಲ!"

ಸ್ವರೂಪಾ ಬಾಳೆಹಣ್ಣು ಬಿಡಿಸುತ್ತಿದ್ದವಳು ನಿಲ್ಲಿಸಿದಳು. "ಏಳೂ ಹುಂಜ ಅಂತ ನಿನಗ ಯಾರು ಹೇಳಿದ್ರು? ಹೇಂಟಿ ಅಂದಿದ್ದಿ ನೀ."

ಅವನು ಬಟ್ಟಲು ಕೆಳಗಿಟ್ಟ. ಮುಚ್ಚಿಡುವ ಯೋಚನೆ ಒಂದು ಗಳಿಗೆ ಅವನ ಮುಖದಲ್ಲಿ ಬಂದು ಹೋಯಿತು. ಆಮೇಲೆ ಅದಕ್ಕೂ ಬೇಸರವಾದವನಂತೆ ಹೆಗಲು ಕುಣಿಸಿದ. "ನಾನೂ ಅವ್ವನ ಮಗನೇ ಅದೀನಿ. ಹೊಸ್ತಿಲ ಮ್ಯಾಲ ಕೂತು ನಾನೂ ಕೇಳೀನಿ. ನಾನೇ ಹಿಡ್ದು ಹಾಕಿದ್ದು."

"ವೈನಿ?"

"ಆಕಿ ಎರಡಾದ್ರೂ ಹೇಂಟಿ ಹಾಕ್ರಿ ಅಂತ ಕಾಲಿಗಿ ಬಿದ್ಳು. ನಾ ಬಿಡಲಿಲ್ಲ. ಹೇಂಟಿ ಕೊಟ್ಟಿದ್ರ ನೀ ಇಲ್ಲೇ ಬೇರು ಬಿಡ್ತಿದ್ದಿ. ನಿನ್ನ ಚಲೋದಕ್ಕ ಮಾಡೀನಿ, ತಂಗಿ. ಎರಡು ತಿಂಗಳು ತ್ರಾಸ ಆಗತದ, ತಾನೇ ತಾಂಡೂರ ಹಾದಿ ಹಿಡೀತಾಳ ಅಂದ್ಕೊಂಡೆ."

"ಮತ್ತ ವೈನಿ ಆರಿಸ್ಯಾಳ ಅಂತ ಯಾಕ ಹೇಳಿದಿ?"

ಮೊಗಲಪ್ಪ ಇದೇನು ಪ್ರಶ್ನೆ ಎನ್ನುವಂತೆ ನೋಡಿದ. "ಹೆಂಗಸ್ರಿಗಿ ಹೆಂಗಸ್ರ ಮ್ಯಾಲ ಸಿಟ್ಟು ಬಂದ್ರ ನಾಕ ದಿನಕ್ಕ ಇಳೀತದ. ಅಣ್ಣನ ಮ್ಯಾಲ ಬಂದ್ರ ಮನಿ ಒಡೀತದ."

ಅವಳು ಎದ್ದು ಬಾಗಿಲು ಪೂರ್ತಿ ತೆರೆದಳು. ಅವನು ಎದ್ದು, ಅಂಗಿ ಸರಿಮಾಡಿಕೊಂಡು, ಹಣ್ಣಿನ ಚೀಲವನ್ನು ಅಲ್ಲೇ ಬಿಟ್ಟು ಹೋದ.

ಮರುದಿನ ಅವಳು ಕೂಲಿಗೆ ಹೋಗಲಿಲ್ಲ. ಮೊದಲ ಜೀಪಿಗೇ ಊರಿಗೆ ಹೋದಳು. ಅಣ್ಣ ಹೊಲಕ್ಕೆ ಹೋಗಿದ್ದ. ಪಡಸಾಲೆಯಲ್ಲಿ ಕಾಲಿಟ್ಟಾಗ ಪಾದಕ್ಕೆ ತಣ್ಣಗೆ ಹತ್ತಿತು. ಅವ್ವನ ಕಾಲದ ಸಗಣಿ ನೆಲ ಇರಲಿಲ್ಲ. ಪಡಸಾಲೆ, ನಡುಮನೆ, ಅಡುಗೆಮನೆಯ ಹೊಸ್ತಿಲವರೆಗೆ ನುಣುಪಾದ ನೀಲಿ ಕಲ್ಲಿನ ಚಪ್ಪಡಿಗಳು.

ಭೂದೇವಿ ಮೂಲೆಯಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು. ನಾದಿನಿಯನ್ನು ನೋಡಿ ಕೇರುವುದನ್ನು ನಿಲ್ಲಿಸಲಿಲ್ಲ.

"ವೈನಿ, ಈ ಕಲ್ಲು?"

"ತಾಂಡೂರಿಂದ ಬಂದಾವ. ಲಾರಿ ತುಂಬ ಕಳಿಸ್ಯಾನ ನಿನ್ನ ಗಂಡ, ಅವ್ವ ಸತ್ತ ತಿಂಗಳೇ. ನಿನ್ನ ಕಳಸ್ತೀನಿ ಅಂತ ಇವರು ಮಾತು ಕೊಟ್ಟಾರ." ಮೊರ ಕುಟ್ಟಿ ಹೊಟ್ಟು ಹಾರಿಸಿದಳು. "ಹಾಸಿದ ಕಲ್ಲು ಎಬ್ಬಿಸಿ ತಿರುಗಿ ಕೊಡಾಕ ಬರ್ತದೇನ್? ಮತ್ತ ಬರ್ತಾರ ನಿನ್ನ ಹಂತ್ಯಾಕ. ಬಾಗಿಲ ತಗೀಬ್ಯಾಡ."

ಸ್ವರೂಪಾ ಅವಳ ಮುಂದೆ ಕೂತಳು. "ತಪ್ಪಾತು, ವೈನಿ. ನೀನೇ ಕೊಟ್ಟಿದಿ ಅಂದ್ಕೊಂಡೆ. ಆವತ್ತ ಬಾಗಿಲಿಗಿ ಬಂದಾಗರ ಒಂದು ಮಾತು ಹೇಳಬಾರದೇನ್, ಅಣ್ಣ ಮಾಡ್ಯಾನ ಅಂತ?"

"ಓಣಿ ಮುಂದ ಗಂಡನ ಹೆಸರು ಹ್ಯಾಂಗ ಹೇಳಲಿ? ಒಳಗ ಬಾ ಅಂದೆ. ನೀ ಬರಲಿಲ್ಲ." ಭೂದೇವಿ ಕಾಳಿನಲ್ಲಿದ್ದ ಒಂದು ಕಲ್ಲು ಆರಿಸಿ ಎಸೆದಳು. "ಆ ಕೋಳಿ ಇವರಿಗಿ ತಿಳೀದಂಗ ತಂದಿದ್ದೆ. ನಾ ತಿರುಗಿ ಬರೂದ್ರಾಗ ಇವರು ಮನಿಗಿ ಬಂದಿದ್ರು. ಕಂಕುಳಾಗ ಕೋಳಿ ನೋಡಿದ್ರು. ಮುಂದಿಂದು ಬಿಡು."

"ನನ್ನ ಸಲುವಾಗಿ ಹೊಡ್ತ ತಿಂದೀ..."

"ಹೊಡ್ತ ಹೊಸದಲ್ಲ." ಈಗ ಅವಳು ಮೊರ ಕೆಳಗಿಟ್ಟಳು. ಮೊದಲ ಸಲ ಸ್ವರೂಪಾಳ ಮುಖವನ್ನು ನೇರ ನೋಡಿದಳು. "ಹುಂಜ ಅಂದಿ, ಮಜಾ ನೋಡಿದಿ ಅಂದಿ. ಅನ್ನು, ತಿಳೀಲಾರ್ದ ಅಂದಿ. ಕೂಸಿನ ಮಾತು ಯಾಕ ಅಂದಿ, ಸ್ವರೂಪಾ? ಅದನ್ನ ಬಟ್ಟ್ಯಾಗ ಸುತ್ತಿದಾಕಿ ನೀ. ಕಡೀಕ ಅದರ ಮಾರಿ ನೋಡಿದವರು ನಾನು ನೀನು ಇಬ್ಬರೇ."

ಸ್ವರೂಪಾ ಕೈ ಚಾಚಿ ವೈನಿಯ ಮೊಣಕಾಲು ಹಿಡಿದಳು. ಭೂದೇವಿ ಆ ಕೈಯನ್ನು ಒರಟಾಗಿ ಅಲ್ಲ, ಬೇರೆಯವರ ಸಾಮಾನು ಪಕ್ಕಕ್ಕಿಡುವ ಹಾಗೆ ಎತ್ತಿ ಇಟ್ಟಳು. ಎದ್ದು ಒಳಗೆ ಹೋಗಿ ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ತಂದು ಮುಂದಿಟ್ಟಳು. ಬಂದ ಬೀಗರಿಗೆ ಇಡುವ ಹಾಗೆ. ಈ ಮನೆಯಲ್ಲಿ ಸ್ವರೂಪಾಳಿಗೆ ಯಾರೂ ಎಂದೂ ಹಾಗೆ ನೀರು ಇಟ್ಟಿರಲಿಲ್ಲ. ಬೇಕಾದಾಗ ಹರವಿಯಿಂದ ತಾನೇ ಮೊಗೆದು ಕುಡಿದವಳು ಅವಳು.

"ಕುಡೀರಿ," ಎಂದಳು ಭೂದೇವಿ. "ಜೀಪು ಈಗ ಬರೂ ಹೊತ್ತಾತು."

ಆ ಬಹುವಚನ ಕೇಳಿ ಸ್ವರೂಪಾ ತಂಬಿಗೆ ಮುಟ್ಟದೆ ಎದ್ದಳು.

ಮೊಗಲಪ್ಪ ಆಮೇಲೆ ಎರಡು ಸಲ ಮೊಗುಡಂಪಲ್ಲಿಗೆ ಬಂದ. ಒಮ್ಮೆ ಜೈಪಾಲನನ್ನೂ ಕರೆದುಕೊಂಡು ಬಂದಿದ್ದ. ಸ್ವರೂಪಾ ಒಳಗಿನಿಂದ ಅಗಳಿ ಹಾಕಿಕೊಂಡು ಕೂತಳು. ಅಮೃತಬಾಯಿ ಹೊರಗೆ ನಿಂತು ಇಬ್ಬರಿಗೂ ಬಾಯಿಗೆ ಬಂದಂತೆ ಬೈದು ಕಳಿಸಿದಳು. ಹೊಸ ಮರಿಗಳಲ್ಲಿ ಐದು ಹೇಂಟೆಗಳು ನಿಂತವು, ಮೊಟ್ಟೆ ಇಡತೊಡಗಿದವು. ಬದುಕು ಅವಳು ಅಂದುಕೊಂಡ ಮಟ್ಟಕ್ಕೆ ಬಂದಿತ್ತು.

ಯುಗಾದಿಯ ಮುಂದಿನ ಸಂತೆಯಲ್ಲಿ ಅವಳು ಭೂದೇವಿಯನ್ನು ಕಂಡಳು. ಜಹೀರಾಬಾದಿನ ಗದ್ದಲದಲ್ಲಿ, ಬಳೆ ಅಂಗಡಿಯ ಮುಂದೆ. ಎಡಗೈ ಬಟ್ಟೆಯ ಜೋಳಿಗೆಯಲ್ಲಿ ಕೊರಳಿಗೆ ಕಟ್ಟಿತ್ತು. ಬಲಗೈಯೊಂದನ್ನೇ ಬಳೆಗಾರನ ಮುಂದೆ ಚಾಚಿದ್ದಳು. ಸ್ವರೂಪಾ ಮೊಟ್ಟೆಯ ಬುಟ್ಟಿಯನ್ನು ಪಕ್ಕದವಳಿಗೆ ನೋಡಿಕೋ ಎಂದು ಹೇಳಿ, ಜನರನ್ನು ತಳ್ಳಿಕೊಂಡು ಓಡಿದಳು. "ವೈನಿ! ವೈನಿ!" ಎಂದು ಕೂಗಿದಳು. ನಾಲ್ಕಾರು ಹೆಂಗಸರು ತಿರುಗಿ ನೋಡಿದರು. ಭೂದೇವಿಯೂ ನೋಡಿದಳು. ಕಣ್ಣಿಗೆ ಕಣ್ಣು ಕೂಡಿತು. ಅವಳು ಅರ್ಧ ತೊಡಿಸಿದ್ದ ಬಳೆಯನ್ನು ಬಳೆಗಾರನ ಕೈಯಲ್ಲೇ ಬಿಟ್ಟು ಕೈ ಎಳೆದುಕೊಂಡು, ಸೆರಗು ಹೊದ್ದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.

ಸ್ವರೂಪಾ ಅಂಗಡಿಯ ಮುಂದೆ ಬಂದು ನಿಂತಾಗ, "ಯಾವ ಬಣ್ಣ ಹಾಕ್ಲಿ ಅಕ್ಕಾ?" ಎಂದು ಬಳೆಗಾರ ಕೇಳಿದ.